ಎರಡನೇ ಮಾತ್ರೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅತ್ತಿಗೆಯವರಿಗೆ ನಿಮ್ಮ ಮರಿ ಮಾಡುವ ನಮಸ್ಕಾರಗಳು.

ನಿಮ್ಮ ಮೂರು ಪತ್ರಗಳು ನನ್ನ ಮೇಜಿನ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿವೆ. ಮೊದಲನೆಯದಕ್ಕೆ ನಾಳೆ ಬರೆದರಾಯಿತು ಅಂದುಕೊಂಡೆ. ಎರಡನೆಯದು ಬಂದಾಗ ನಾಚಿಕೆಯಾಯಿತು. ಮೂರನೆಯದು ಬಂದ ಮೇಲೆ ಯಾವ ಮುಖ ಇಟ್ಟುಕೊಂಡು ಬರೆಯಲಿ ಅನ್ನಿಸಿ ಸುಮ್ಮನಾದೆ. ನಿಮ್ಮ ಕಿವಿ ಸರಿಯಿದ್ದಿದ್ದರೆ ಫೋನಿನಲ್ಲಿ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಪತ್ರದಲ್ಲಿ ಅದು ಆಗುವುದಿಲ್ಲ. ಮೊದಲು ಬೈದುಬಿಡಿ, ಆಮೇಲೆ ಮುಂದಕ್ಕೆ ಓದಿ. ಅರವತ್ತೊಂದು ವರ್ಷದ ಮುದುಕನನ್ನು ಮರಿ ಅಂತ ಕರೆಯುವವರು ಈಗ ನೀವೊಬ್ಬರೇ ಉಳಿದಿರುವುದು. ನಿಮ್ಮಿಂದ ಬೈಸಿಕೊಳ್ಳದೆ ಇನ್ಯಾರಿಂದ ಬೈಸಿಕೊಳ್ಳಲಿ?

ಇಲ್ಲಿಯ ಸಮಾಚಾರ ಹೆಚ್ಚೇನಿಲ್ಲ. ಮನೆಯವಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಮೂವತ್ತೆಂಟು ವರ್ಷ ಊರಿನವರ ಲಿಫ್ಟ್ ರಿಪೇರಿ ಮಾಡಿದ ಗಂಡನನ್ನು ಕಟ್ಟಿಕೊಂಡೂ ತಾನು ಮೂರು ಮಹಡಿ ಮೆಟ್ಟಿಲು ಹತ್ತಬೇಕಲ್ಲ ಅಂತ ಅವಳ ಗೋಳು. ಈ ಕಟ್ಟಡದಲ್ಲಿ ಲಿಫ್ಟ್ ಇಲ್ಲ ಅಂತಲೇ ನಾನು ಈ ಮನೆ ಹಿಡಿದದ್ದು, ಅದನ್ನು ಅವಳಿಗೆ ಇನ್ನೂ ಹೇಳಿಲ್ಲ. ನಿವೃತ್ತಿಯಾದ ದಿನದಿಂದ ನಾನು ಒಂದು ಲಿಫ್ಟಿಗೂ ಕಾಲಿಟ್ಟಿಲ್ಲ, ಅತ್ತಿಗೆ.

ಪುಟ್ಟಿ ನಿಮಗೆ ಹೇಳಿದ್ದು ನಿಜ, ನಾನು ಆಸ್ಪತ್ರೆಗೆ ಹೋಗಿದ್ದೆ. ನಿಮ್ಮ ಮಗಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಗಾಬರಿಯಾಗಬೇಡಿ, ಮೈಯಲ್ಲಿ ಏನೂ ಕೆಟ್ಟಿಲ್ಲ. ನನಗೆ ನಿದ್ದೆ ಬಿಟ್ಟು ಎಷ್ಟು ವರ್ಷವಾಯಿತು ಅಂತ ನಿಮಗೂ ಗೊತ್ತು. ನಿವೃತ್ತಿಯಾದ ಮೇಲೆ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತು. ಬೆಳಿಗ್ಗೆ ಎದ್ದು ಮಂಚದ ಅಂಚಿಗೆ ಕೂತರೆ ಹನ್ನೊಂದರವರೆಗೂ ಹಾಗೇ ಕೂತಿರುತ್ತಿದ್ದೆ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ನಮ್ಮ ಡಾಕ್ಟರು ಬಗೆಬಗೆಯ ಮಾತ್ರೆ ಕೊಟ್ಟು ಸಾಕಾಗಿ ಕೊನೆಗೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಮನಸ್ಸಿನ ಕಾಯಿಲೆಯವರಿಗೆ ಹೊಸದೊಂದು ಪ್ರಯೋಗ ನಡೆಯುತ್ತಿದೆ.

ಪ್ರಯೋಗ ಏನೆಂದರೆ, ಒಂದು ಮಾತ್ರೆ ಕೊಡುತ್ತಾರೆ. ನಮ್ಮ ಕಾಲದಲ್ಲಿ ಕೆಲವರು ಕದ್ದುಮುಚ್ಚಿ ನುಂಗಿ ಇಲ್ಲದ್ದನ್ನೆಲ್ಲ ಕಾಣುತ್ತಿದ್ದರಂತಲ್ಲ, ಅದೇ ಜಾತಿಯ ಔಷಧಿ. ಈಗ ಅದನ್ನು ಡಾಕ್ಟರೇ ಅಳೆದು, ಪಕ್ಕದಲ್ಲಿ ಕೂತು ಕೊಡುತ್ತಾರೆ. ಮನಸ್ಸಿನ ತಳದಲ್ಲಿ ಕಚ್ಚಿಕೊಂಡು ಕೂತದ್ದು ಅದರಿಂದ ಸಡಿಲವಾಗುತ್ತದಂತೆ. ತೊಂದರೆ ಏನೆಂದರೆ ಅದರ ಅಮಲು ಇಳಿಯಲು ಇಡೀ ಹಗಲು ಬೇಕು. ಒಬ್ಬ ರೋಗಿಗೆ ಇಬ್ಬರು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾವಲು ಕೂರಬೇಕು. ಅದಕ್ಕೇ ಎರಡನೇ ಮಾತ್ರೆ. ಅದನ್ನು ನುಂಗಿದರೆ ಮೊದಲನೆಯದರ ಆಟ ನಡುವೆಯೇ ನಿಲ್ಲುತ್ತದೆ.

ಕನ್ನಡಕದ ಡಾಕ್ಟರೊಬ್ಬರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. “ನಿಮ್ಮ ಮೆದುಳಲ್ಲಿ ಕೆಲವು ಜಾಗ ಇವೆ ಅಂದ್ಕೊಳ್ಳಿ. ಮೊದಲ್ನೇ ಔಷಧಿ ಅಲ್ಲಿ ಹೋಗಿ ಕೂತ್ರೇನೇ ನಿಮಗೆ ನೋಟ ಕಾಣೋದು. ಎರಡ್ನೇದು ಹೋಗಿ ಆ ಜಾಗಾನ ತಾನು ಹಿಡ್ಕೊಳ್ಳತ್ತೆ. ತಾನೂ ಏನೂ ಮಾಡಲ್ಲ, ಅದಕ್ಕೂ ಮಾಡೋಕೆ ಬಿಡಲ್ಲ.”

“ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ?” ಅಂದೆ.

ಅವರು ಬಾಯ್ತುಂಬ ನಕ್ಕರು. “ಅದೇ, ಅದೇ. ಆದ್ರೆ ಈ ಟವೆಲ್ ಹಾಕಿದ್ಮೇಲೆ ಬಿ.ಪಿ. ಸ್ವಲ್ಪ ಇಳಿಯತ್ತೆ, ಎದ್ದ ತಕ್ಷಣ ನಡೀಬೇಡಿ.” ನಾನು ಯಾವ ಗಳಿಗೆಯಲ್ಲಾದರೂ ಎರಡನೆಯದನ್ನು ಕೇಳಬಹುದು, ಕೇಳಿದರೆ ಇಲ್ಲ ಅನ್ನುವುದಿಲ್ಲ ಅಂತ ಬರೆದು ಸಹಿ ಹಾಕಿಸಿಕೊಂಡರು. ಮನೆಗೆ ಬಂದು ಮನೆಯವಳಿಗೆ ಹೇಳಿದೆ. “ಮೊದ್ಲೇ ನಿಮ್ಮ ತಲೆ ನೆಟ್ಟಗಿಲ್ಲ,” ಅಂದಳು. “ಅದನ್ನ ಕೆಡಿಸೋಕೊಂದು ಮಾತ್ರೆ, ರಿಪೇರಿಗೆ ಇನ್ನೊಂದು. ಹೋಗಿ, ಮನೇಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ವಾಸಿ.” ಬೈದುಕೊಂಡೇ ನನ್ನ ಒಗೆದ ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟಳು.

ಕಳೆದ ತಿಂಗಳ ಕೊನೆಯ ಗುರುವಾರ ಹೋದೆ. ಐದನೇ ಮಹಡಿ. ಮೆಟ್ಟಿಲಲ್ಲೇ ಹತ್ತಿದೆ. ಆಸ್ಪತ್ರೆಯ ಕೋಣೆಯ ಹಾಗಿರಲಿಲ್ಲ ಅದು, ಯಾರದೋ ಮನೆಯ ನಡುಮನೆಯಂತಿತ್ತು. ದಪ್ಪ ನೀಲಿ ಪರದೆ, ಒಂದು ಮಂಚ, ಗೋಡೆಯ ಪಕ್ಕ ಎರಡು ಕುರ್ಚಿ, ಕಿಟಕಿಯ ಮೇಲೆ ಗಾಜಿನ ಲೋಟದಲ್ಲಿ ಎರಡು ಹಳದಿ ಹೂವು. ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಕಾವಲಿಗೆ ಕನ್ನಡಕದ ಡಾಕ್ಟರು ಮತ್ತು ಐವತ್ತು ದಾಟಿದ ಒಬ್ಬ ನರ್ಸಮ್ಮ. ಮಕ್ಕಳಿಗೆ ಪಾಠ ಹೇಳುವ ಹಾಗೆ ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಿದ್ದುದರಿಂದ ನಾನು ಮನಸ್ಸಿನಲ್ಲೇ ಅವರಿಗೆ ಟೀಚರಮ್ಮ ಅಂತ ಹೆಸರಿಟ್ಟೆ. ಒಂಬತ್ತೂ ಕಾಲಿಗೆ ಮಾತ್ರೆ ನುಂಗಿಸಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ, ಕಿವಿಗೆ ಸಂಗೀತ ಹಚ್ಚಿ ಮಲಗಿಸಿದರು.

ಅರ್ಧ ಗಂಟೆ ಏನೂ ಇಲ್ಲ. ಮೋಸ ಹೋದೆ ಅಂದುಕೊಂಡೆ. ಆಮೇಲೆ ಸಂಗೀತಕ್ಕೆ ತೂಕ ಬಂತು, ಅತ್ತಿಗೆ. ಒಂದೊಂದು ಸ್ವರ ಎದೆಯ ಮೇಲೆ ಕೈಯಿಟ್ಟ ಹಾಗೆ. ಕತ್ತಲೆಗೆ ಬಣ್ಣ ಬಂತು, ಬಣ್ಣ ಎಳೆಎಳೆಯಾಗಿ ಬಿಚ್ಚಿಕೊಂಡು ಕೆಳಗಿಳಿಯತೊಡಗಿತು. ನೋಡುತ್ತಿದ್ದ ಹಾಗೆ ಅವು ಎಳೆಗಳಲ್ಲ, ಲಿಫ್ಟಿನ ಉಕ್ಕಿನ ಹಗ್ಗಗಳು. ನಾನೂ ಅವುಗಳ ಜೊತೆಗೆ ಇಳಿಯುತ್ತಿದ್ದೆ. ಗ್ರೀಸಿನ ವಾಸನೆ ಬಂತು. ನಿವೃತ್ತಿಯಾದ ಮೇಲೆ ಆ ವಾಸನೆಯನ್ನು ನಾನು ಹತ್ತಿರಕ್ಕೇ ಸೇರಿಸಿರಲಿಲ್ಲ. ಇಳಿದು ಇಳಿದು ಎಲ್ಲಿಗೆ ಬಂದೆ ಅಂತ ನೀವು ಊಹಿಸಿರುತ್ತೀರಿ. ಬಟ್ಟೆ ಗೋದಾಮಿನ ಆ ಸಾಮಾನು ಲಿಫ್ಟಿನ ಗುಂಡಿಗೆ.

ಗೊತ್ತಿರುವುದನ್ನೇ ನಿಮಗೆ ಮತ್ತೆ ಬರೆಯಲು ಕೈ ಬರುವುದಿಲ್ಲ, ಆದರೆ ಅದನ್ನು ದಾಟಿಕೊಂಡು ಮುಂದಕ್ಕೆ ಹೋಗಲಾರೆ. ಮೂವತ್ತನಾಲ್ಕು ವರ್ಷದ ಹಿಂದೆ, ಮಧ್ಯಾಹ್ನದ ಊಟವಾದ ಮೇಲೆ, ಅಣ್ಣ ರಿಪೇರಿಗೆಂದು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದ. ನಾನು ಮೇಲೆ ಮೆಷಿನ್ ಕೋಣೆಯಲ್ಲಿದ್ದೆ. ಗುಂಡಿಗೆ ಇಳಿಯುವವನು ಮೊದಲು ಗೋಡೆಯಲ್ಲಿರುವ ಕೆಂಪು ಬಟನ್ ಒತ್ತಬೇಕು. ಒತ್ತಿದರೆ ಅದು ಒಳಗೇ ಕಚ್ಚಿಕೊಳ್ಳುತ್ತದೆ, ಎಳೆದು ಬಿಡಿಸುವವರೆಗೆ ಲಿಫ್ಟ್ ಅಲುಗುವುದಿಲ್ಲ. ಮಹಡಿಯಲ್ಲಿ ಯಾರೋ ಲಿಫ್ಟನ್ನು ಕೆಳಕ್ಕೆ ಕಳಿಸಿದರು. ಲಿಫ್ಟ್ ಬಂದೇ ಬಂತು. ವಿಚಾರಣೆಗೆ ಬಂದವರು ನೋಡಿದಾಗ ಬಟನ್ ಒತ್ತಿರಲಿಲ್ಲ. ಕೆಲಸಗಾರನ ಸ್ವಂತ ಅಜಾಗರೂಕತೆ ಅಂತ ಬರೆದು ಕಡತ ಮುಚ್ಚಿದರು.

ಆ ಗುಂಡಿಯಲ್ಲಿ ಅಣ್ಣ ನಿಂತಿದ್ದ. ನನ್ನ ಕಡೆಗೆ ಬೆನ್ನು. ಕನಸಿನಲ್ಲಿ ಕಾಣುವ ಹಾಗಿರಲಿಲ್ಲ. ಕತ್ತಿನ ಹಿಂದೆ ಕ್ಷೌರದವನು ಬಿಟ್ಟ ಒಂದು ಸಣ್ಣ ಕೂದಲಿನ ಸಾಲು ಕೂಡ ಕಾಣುತ್ತಿತ್ತು. ಅವನ ಉಸಿರಿಗೆ ಬೆನ್ನು ಏರಿಳಿಯುತ್ತಿತ್ತು. ಅಷ್ಟು ಸಂತೋಷ ನನ್ನ ಜನ್ಮದಲ್ಲೇ ಆಗಿರಲಿಲ್ಲ. ಅಳುತ್ತಿದ್ದೆನಂತೆ, ಟೀಚರಮ್ಮ ಆಮೇಲೆ ಹೇಳಿದರು. “ಅಣ್ಣಾ” ಅಂದೆ. ಅವನಿಗೆ ಕೇಳಿಸಿತು. ಭುಜ ಅಲುಗಿತು. ಅವನು ತಿರುಗತೊಡಗಿದ, ನಿಧಾನಕ್ಕೆ, ಮೊದಲು ತಲೆ, ಕಿವಿ, ಕೆನ್ನೆಯ ಅಂಚು.

ನಾನು ಕಣ್ಣಿನ ಪಟ್ಟಿ ಕಿತ್ತೆಸೆದು ಎದ್ದು ಕೂತೆ. “ಸಾಕು! ಎರಡನೇದು ಕೊಡಿ, ಈಗ್ಲೇ ಕೊಡಿ.”

ಟೀಚರಮ್ಮ ಹತ್ತಿರ ಬಂದು ಕೂತರು. “ಕೊಡ್ತೀನಿ, ಖಂಡಿತ ಕೊಡ್ತೀನಿ. ಒಂದು ನಿಮಿಷ ನನ್ನ ಕೈ ಹಿಡ್ಕೊಂಡು ನೋಡ್ತೀರಾ? ಹೆದರಿಕೆ ಬರತ್ತೆ, ಹೋಗತ್ತೆ.”

“ಕೈ ಬೇಡ. ಮಾತ್ರೆ.”

ಕೊಟ್ಟರು. ಒಂದೇ ಗುಟುಕಿಗೆ ನುಂಗಿದೆ. ಆದರೆ ಅತ್ತಿಗೆ, ಅದು ಸ್ವಿಚ್ ಒತ್ತಿದ ಹಾಗೆ ನಿಲ್ಲುವುದಿಲ್ಲ. ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ನಾನು ಕಣ್ಣು ಬಿಟ್ಟುಕೊಂಡೇ ಕೂತಿದ್ದೆ, ಅಣ್ಣ ಆ ನೀಲಿ ಪರದೆಯ ಮುಂದೆ ನಿಂತಿದ್ದ. ನಾನು ಮಾತ್ರೆ ನುಂಗಿದ್ದು ಅವನಿಗೆ ಗೊತ್ತಾದ ಹಾಗಿತ್ತು. ತಿರುಗುವುದನ್ನು ಅಲ್ಲಿಗೇ ನಿಲ್ಲಿಸಿದ. ಕೆನ್ನೆಯ ಅಂಚಷ್ಟೇ ನನ್ನ ಕಡೆಗೆ. ಯಾರೋ ಏನೋ ಹೇಳುತ್ತಾರೆ ಅಂತ ಕಾಯುವವನ ಹಾಗೆ ತಲೆ ಸ್ವಲ್ಪ ಬಗ್ಗಿಸಿಕೊಂಡು ನಿಂತ. ಮೊದಲು ಬಣ್ಣ ಹೋಯಿತು. ಆಮೇಲೆ ಗ್ರೀಸಿನ ವಾಸನೆ. ಪರದೆ ಬರೀ ಪರದೆಯಾಯಿತು. ಅದರ ಹೊಲಿಗೆ ಒಂದು ಕಡೆ ಬಿಚ್ಚಿರುವುದು ಕಾಣಿಸಿತು. ಇಡೀ ದಿನ ಆಗಬೇಕಾದದ್ದು ಊಟದ ಹೊತ್ತಿಗೆ ಮುಗಿದಿತ್ತು. ಬ್ರೆಡ್ಡು, ಬಾಳೆಹಣ್ಣು ಕೊಟ್ಟರು, ತಿಂದೆ.

ಯಾಕೆ ನಿಲ್ಲಿಸಿದಿರಿ ಅಂತ ಡಾಕ್ಟರು ಫಾರಂಗಾಗಿ ಕೇಳಿದರು. ಎದೆ ಹೊಡೆದುಕೊಳ್ಳುತ್ತಿತ್ತು ಅಂದೆ. ಬರೆದುಕೊಂಡರು.

ಈಗ ನಿದ್ದೆ ಬರುತ್ತದೆ. ಅಷ್ಟರಮಟ್ಟಿಗೆ ಲಾಭ. ಆದರೆ ಹಗಲು ಹೊತ್ತು ಬೇರೆಯಾಗಿದೆ. ಮೊನ್ನೆ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ನಿಂತಿದ್ದವನ ಬೆನ್ನು ಅಣ್ಣನದು. ನಿನ್ನೆ ಅಂಚೆ ಕಚೇರಿಯ ಸಾಲಿನಲ್ಲಿ. ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ನಮ್ಮ ಅಡುಗೆಮನೆಯ ಸಿಂಕಿನ ಮುಂದೆ, ಅಂಗಿಯ ತೋಳು ಮಡಚಿ, ಕೈ ತೊಳೆಯುವವನ ಹಾಗೆ. ಔಷಧಿಯ ಉಳಿಕೆ ಅಲ್ಲ, ಅದು ಮೈಯಿಂದ ಹೋಗಿ ವಾರವಾಯಿತು ಅಂತಾರೆ ಡಾಕ್ಟರು. ಪ್ರತಿ ಸಲವೂ ಅದೇ, ಕೆನ್ನೆಯ ಅಂಚು, ಅಲ್ಲಿಗೆ ನಿಲ್ಲುತ್ತಾನೆ. ಪೂರ್ತಿ ತಿರುಗಲು ಬಿಟ್ಟಿದ್ದರೆ ನೋಡಿ ಹೊರಟುಹೋಗುತ್ತಿದ್ದನೋ ಏನೋ. ನಾನು ಅರ್ಧಕ್ಕೆ ನಿಲ್ಲಿಸಿದೆ, ಅರ್ಧದಲ್ಲೇ ನಿಂತಿದ್ದಾನೆ.

ಇದನ್ನೆಲ್ಲ ನಿಮಗಲ್ಲದೆ ಯಾರಿಗೆ ಬರೆಯಲಿ? ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಹೊಲಿಗೆ ಮೆಷಿನ್ನಿನ ಬೆಲ್ಟ್ ಕಳಿಸಿದ್ದೇನೆ, ಪುಟ್ಟಿಯ ಗಂಡನಿಗೆ ಹೇಳಿದರೆ ಹಾಕಿಕೊಡುತ್ತಾನೆ. ಮೊಮ್ಮಗಳಿಗೆ ನನ್ನ ಆಶೀರ್ವಾದ, ಚೆನ್ನಾಗಿ ಓದಲಿ, ಓದದಿದ್ದರೂ ಚೆನ್ನಾಗಿರಲಿ.

ನಿಮ್ಮ ಮೈದುನ,
ಮರಿ

ತಾ. ಕ.: ಈ ಪತ್ರವನ್ನು ಪುಟ್ಟಿಗೆ ಓದಿ ಹೇಳಬೇಡಿ. ಅಪ್ಪನ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ. ನಾನು ಬೆನ್ನು ನೋಡಿ ಬಂದೆ ಅಂದರೆ ನೊಂದುಕೊಳ್ಳುತ್ತಾಳೆ.


ಮಾರ್ಚ್ ೨೮, ಶುಕ್ರವಾರ

ಪ್ರೀತಿಯ ಅತ್ತಿಗೆಯವರಿಗೆ ಮರಿಯ ನಮಸ್ಕಾರಗಳು.

ನಿಮ್ಮ ಪತ್ರ ನಾಲ್ಕೇ ದಿನಕ್ಕೆ ಬಂತು. ಈ ಸಲ ತಡ ಮಾಡಿದವನು ಮತ್ತೆ ನಾನೇ. ಹತ್ತು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನನ್ನ ಪತ್ರವನ್ನು ಒಂಬತ್ತು ಸಲ ಓದಿದೆ ಅಂತ ಬರೆದಿದ್ದೀರಿ. ನಿಮ್ಮದನ್ನು ನಾನು ಎಷ್ಟು ಸಲ ಓದಿದೆ ಅಂತ ಲೆಕ್ಕ ಇಟ್ಟಿಲ್ಲ. ಮಡಿಕೆಯಲ್ಲಿ ಹರಿದಿದೆ.

ನೀವು ಕೇಳಿದ್ದಕ್ಕೆ ಒಂದೊಂದಾಗಿ ಹೇಳುತ್ತೇನೆ. ಅಂಗಿ ಯಾವುದು ಅಂತ ಕೇಳಿದ್ದೀರಿ. ಕೆಲಸದ ಬೂದು ಅಂಗಿ, ಹೆಗಲ ಹತ್ತಿರ ನೀವು ತೇಪೆ ಹಾಕಿದ್ದು. ಸೊರಗಿರಲಿಲ್ಲ, ನೀವು ಬಲ್ಲ ಹಾಗೇ ಇದ್ದ. ವಯಸ್ಸೂ ಆಗಿರಲಿಲ್ಲ, ಮೂವತ್ತೈದೇ. ನಾನು ಅವನ ಅಪ್ಪನ ಹಾಗೆ ಕಾಣುತ್ತಿದ್ದೆನೇನೋ. “ನನ್ನ ಬಗ್ಗೆ ಏನಾದರೂ ಅಂದರಾ?” ಅಂತ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಇಲ್ಲ ಅತ್ತಿಗೆ. ಅವನು ಬಾಯಿ ಬಿಡಲೇ ಇಲ್ಲ, ಬಿಡಲು ನಾನು ಅವಕಾಶ ಕೊಡಲಿಲ್ಲ. ಅಂದ ಅಂತ ಬರೆದುಬಿಡೋಣ, ನಿಮಗೆ ಅಷ್ಟಾದರೂ ಸಿಗಲಿ ಅಂತ ಮನಸ್ಸಾಯಿತು. ಅಣ್ಣನ ಹೆಸರಿನಲ್ಲಿ ಇನ್ನೊಂದು ಸುಳ್ಳು ಬೇಡ ಅಂತ ಬಿಟ್ಟೆ.

ಇನ್ನು ನಿಮ್ಮ ಕೊನೆಯ ಕೋರಿಕೆ. ಆ ಆಸ್ಪತ್ರೆಗೆ ನಿಮ್ಮನ್ನೂ ಕರೆದುಕೊಂಡು ಹೋಗು ಅಂತೀರಿ. ಎರಡನೇ ಮಾತ್ರೆ ನಿಮಗೆ ಬೇಡ, ಬೇಕಾದರೆ ಬರೆದುಕೊಡುತ್ತೇನೆ ಅಂತೀರಿ, ಒಂದಿಡೀ ದಿನ ಅಲ್ಲ, ಒಂದು ವಾರವಾದರೂ ಅವರ ಎದುರು ಕೂರುತ್ತೇನೆ ಅಂತೀರಿ. “ಮೂವತ್ತನಾಲ್ಕು ವರ್ಷದಿಂದ ಫೋಟೋದ ಮುಂದೆ ನಿಂತು ಬೈಯುತ್ತಾ ಬಂದಿದ್ದೇನೆ, ಒಂದು ಬಟನ್ ಒತ್ತೋಕೆ ಏನಾಗಿತ್ತು ನಿಮಗೆ ಅಂತ. ಫೋಟೋ ಉತ್ತರ ಕೊಡಲ್ಲ. ಅವರ ಬಾಯಿಂದಲೇ ಒಂದು ಸಲ ಕೇಳಬೇಕು. ಮರೆತೆ ಕಣೇ ಅಂತ ಅಂದರೆ ಸಾಕು, ಕ್ಷಮಿಸಿಬಿಡುತ್ತೇನೆ.” ಇದು ನಿಮ್ಮದೇ ಮಾತು, ನಿಮ್ಮ ಅಕ್ಷರದಲ್ಲೇ ನನ್ನ ಮುಂದಿದೆ.

ಪುಟ್ಟಿ ಚಿಕ್ಕವಳಿದ್ದಾಗ ಶಾಲೆಗೆ ಪೆನ್ಸಿಲ್ ಮರೆತು ಹೋದರೂ ನೀವು “ಅಪ್ಪನ ಮಗಳು” ಅನ್ನುತ್ತಿದ್ದಿರಿ. ಈಗ ಮೂವತ್ತೆಂಟಾದರೂ ಅವಳು ಮನೆ ಬಿಡುವಾಗ ಗ್ಯಾಸ್ ಆರಿಸಿದೆನಾ ಅಂತ ಮೂರು ಸಲ ಒಳಗೆ ಹೋಗಿ ನೋಡುತ್ತಾಳೆ. ಹೋದ ವರ್ಷ ನಾನು ಬಂದಿದ್ದಾಗ ನೋಡಿದೆ. ಚಿಲಕ ಹಾಕಿ, ಎರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ, “ನಾನು ನಮ್ಮಪ್ಪನ ಹಾಗೆ, ಚಿಕ್ಕಪ್ಪ, ನನ್ನನ್ನ ನಂಬೋಕಾಗಲ್ಲ,” ಅಂತ ನಕ್ಕಳು. ನಾನೂ ನಕ್ಕೆ.

ನಿಮ್ಮ ಮಾತು ಮೀರಲಾರದೆ ಸೋಮವಾರ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಟೀಚರಮ್ಮ ಸಿಕ್ಕರು. ನಿಮ್ಮ ವಯಸ್ಸು ಕೇಳಿದರು, ಹೃದಯದ ಆಪರೇಷನ್ ಆಗಿದೆ ಅಂದ ಕೂಡಲೇ ತಲೆ ಅಲ್ಲಾಡಿಸಿದರು. “ಆಗಲ್ಲ, ಖಂಡಿತ ಆಗಲ್ಲ. ಅವರಿಗೆ ಬೇಜಾರಾಗದ ಹಾಗೆ ತಿಳಿಸಿ.” ನಾನು ಎದ್ದೆ. ಕೂತುಕೊಳ್ಳಿ ಅಂದರು. ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿ ಬಂದು ಎದುರಿಗೆ ಕೂತರು.

“ಆವತ್ತು ನೀವು ಎರಡನೇ ಮಾತ್ರೆ ತಗೊಂಡ್ಮೇಲೆ ಮಾತಾಡ್ತಾ ಇದ್ರಿ. ನೆನಪಿದೆಯಾ?”

ಇಲ್ಲ ಅಂದೆ.

“ಪರದೆ ಕಡೆ ನೋಡ್ಕೊಂಡು ‘ನಾನೇ ಎಳೆದಿದ್ದು, ನಾನೇ ಎಳೆದಿದ್ದು’ ಅಂತಿದ್ರಿ. ಏಳೆಂಟು ಸಲ ಅಂದ್ರಿ. ಡಾಕ್ಟ್ರು ಆಗ ಹೊರಗಡೆ ಹೋಗಿದ್ರು. ನಾನು ಫಾರಂನಲ್ಲಿ ಬರೀಲಿಲ್ಲ, ಅದು ನಮ್ಮ ಪ್ರಶ್ನೆ ಅಲ್ಲ.”

ನಾನು ನನ್ನ ಚಪ್ಪಲಿ ನೋಡುತ್ತಾ ಕೂತೆ.

“ಎರಡು ತಿಂಗಳಾದ್ಮೇಲೆ ಇನ್ನೊಂದು ಸಲ ಮೊದಲನೇ ಮಾತ್ರೆ ತಗೋಬಹುದು ನೀವು,” ಅಂದರು. “ಎರಡನೇದು ಇಲ್ಲದೆ, ಪೂರ್ತಿ. ಯೋಚನೆ ಮಾಡಿ.” ಆಮೇಲೆ, “ಅಲ್ಲೀವರೆಗೆ ಇದನ್ನ ಹೇಳೋಕೆ ಯಾರಾದ್ರೂ ಇದಾರಾ ನಿಮಗೆ?”

“ಒಬ್ಬರಿದಾರೆ. ಅವರಿಗೆ ಕಿವಿ ಕೇಳಲ್ಲ.”

“ಹಾಗಾದ್ರೆ ಬರೀರಿ,” ಅಂದರು ಟೀಚರಮ್ಮ. ಎರಡನೇ ಸಲ ಹೇಳಲಿಲ್ಲ.

ಆದ್ದರಿಂದ ಅತ್ತಿಗೆ, ಆಸ್ಪತ್ರೆಯ ಆಸೆ ಬಿಟ್ಟುಬಿಡಿ. ನಿಮ್ಮ ಹೃದಯ ಅದನ್ನು ತಾಳುವುದಿಲ್ಲ ಅಂತ ಹೇಳಿದ್ದಾರೆ, ನಾನು ಬೇಕಂತ ತಪ್ಪಿಸಿದ್ದಲ್ಲ. ಬೆಲ್ಟ್ ಸರಿಹೊಂದಿತು ಅಂತ ತಿಳಿದು ಸಂತೋಷವಾಯಿತು. ಕಣ್ಣಿಗೆ ಆಯಾಸ ಮಾಡಿಕೊಂಡು ಸಂಜೆಯ ಮೇಲೆ ಹೊಲಿಯಬೇಡಿ. ಮನೆಯವಳು ನಿಮ್ಮನ್ನು ಕೇಳಿದ್ದಾಳೆ. ಮೊಮ್ಮಗಳ ಪರೀಕ್ಷೆ ಚೆನ್ನಾಗಿ ಆಗಲಿ ಅಂತ ಅವಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡಿ. ಪುಟ್ಟಿಗೆ ಒಳ್ಳೆಯದಾಗಲಿ, ನಿಮ್ಮ ಮನೆ ತಣ್ಣಗಿರಲಿ.

ನಿಮ್ಮ ಮೈದುನ,
ಮರಿ

ತಾ. ಕ.: ಸಹಿ ಹಾಕಿ, ಲಕೋಟೆಗೆ ಗೋಂದು ಹಚ್ಚಿ, ಅಂಚೆಪೆಟ್ಟಿಗೆಯವರೆಗೂ ಹೋಗಿದ್ದೆ. ವಾಪಸ್ ಬಂದು ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ನೀವು ಕೂತುಕೊಂಡು ಓದಿ.

ಅಣ್ಣ ಬಟನ್ ಒತ್ತಿದ್ದ, ಅತ್ತಿಗೆ.

ಆವತ್ತು ಬೆಳಿಗ್ಗೆಯಿಂದ ಆ ಲಿಫ್ಟ್ ಮಹಡಿಗಳ ನಡುವೆ ನಿಂತುನಿಂತು ಹೋಗುತ್ತಿತ್ತು. ಯಾವ ಬಾಗಿಲಿನ ಸ್ವಿಚ್ ಕೆಟ್ಟಿದೆ ಅಂತ ಹುಡುಕಲು ನಾನು ಮೇಲೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಗೇಣುದ್ದದ ಒಂದು ತಂತಿ ಸಿಕ್ಕಿಸಿದ್ದೆ. ಆ ತಂತಿ ಇರುವಷ್ಟು ಹೊತ್ತು ಲಿಫ್ಟನ್ನು ತಡೆಯುವ ಯಾವ ಸ್ವಿಚ್ಚೂ ಕೆಲಸ ಮಾಡುವುದಿಲ್ಲ, ಗುಂಡಿಯ ಕೆಂಪು ಬಟನ್ನೂ ಮಾಡುವುದಿಲ್ಲ. ಹುಡುಕಿ ಮುಗಿದ ತಕ್ಷಣ ತೆಗೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅಣ್ಣ ನನಗೆ ಹೇಳಿಕೊಟ್ಟದ್ದು ಅದು. ನಾನು ತೆಗೆಯಲಿಲ್ಲ. ಊಟಕ್ಕೆ ಇಳಿದೆ, ಅವನ ಜೊತೆ ಕೂತು ಉಂಡೆ, ಮತ್ತೆ ಹತ್ತಿದೆ, ಮರೆತೆ. ಮರೆತವನು ನಾನು.

ಅವನ ಕೂಗು ಕೇಳಿದಾಗ ಮೇನ್ ಸ್ವಿಚ್ ಆರಿಸಿದೆ. ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಮೋಟಾರಿನ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟ್ ಎತ್ತಿ, ಐದು ಮಹಡಿ ಓಡಿ ಇಳಿದೆ. ಗೋದಾಮಿನ ಕಾವಲುಗಾರ ಫೋನ್ ಮಾಡಲು ಹೋಗಿದ್ದ. ಗುಂಡಿಯಲ್ಲಿ ಅಣ್ಣ ಮತ್ತು ನಾನು ಇಬ್ಬರೇ. ಅವನಲ್ಲಿ ಉಸಿರಿರಲಿಲ್ಲ. ತಲೆ ಎತ್ತಿದರೆ ಗೋಡೆಯಲ್ಲಿ ಕೆಂಪು ಬಟನ್, ಒಳಗೆ ಕಚ್ಚಿಕೊಂಡು ಕೂತಿತ್ತು. ಅವನು ಒತ್ತಿದ್ದು ಒತ್ತಿದ ಹಾಗೇ ಇತ್ತು. ಹೊರಗೆ ಜನರ ಕಾಲಿನ ಸದ್ದು ಬಂತು. ನಾನು ಅದನ್ನು ಎಳೆದು ಬಿಡಿಸಿದೆ.

ತಂತಿ ತೆಗೆದದ್ದು ನನ್ನ ಕೈ, ಅದಕ್ಕೆ ಆ ಹೊತ್ತಿಗೆ ಬುದ್ಧಿ ಇರಲಿಲ್ಲ. ಬಟನ್ ಎಳೆದದ್ದು ನಾನು. ಯೋಚನೆ ಮಾಡಿ ಎಳೆದೆ. ಆಮೇಲೆ ವಿಚಾರಣೆಯಲ್ಲಿ ಕೇಳಿದ್ದಕ್ಕೆಲ್ಲ ಹೂಂ ಅಂದೆ. ನೀವು ನನ್ನ ತಲೆ ನಿಮ್ಮ ತೊಡೆಯ ಮೇಲಿಟ್ಟುಕೊಂಡು “ಅಳಬೇಡ ಮರಿ, ನಿನ್ನದೇನು ತಪ್ಪು” ಅಂದಾಗಲೂ ಸುಮ್ಮನಿದ್ದೆ.

ಆ ಕೋಣೆಯಲ್ಲಿ ಅವನು ತಿರುಗಿದಾಗ ನನಗೆ ಎದೆ ಹೊಡೆದುಕೊಳ್ಳಲಿಲ್ಲ. ಅವನು ಬೈಯುತ್ತಾನೆ ಅಂತ ಹೆದರಲೂ ಇಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಆ ಕೆನ್ನೆಯ ಅಂಚು ನೋಡಿದ ಕೂಡಲೇ ನನಗೆ ಹೊಳೆದದ್ದು ಬೇರೆ: ತಂತಿಯ ವಿಷಯ ಅವನಿಗೆ ಗೊತ್ತೇ ಇಲ್ಲ. ಲಿಫ್ಟ್ ತಲೆಯ ಮೇಲೆ ಬರುತ್ತಿರುವಾಗ ಅವನು ಬಟನ್ ಕಡೆ ನೋಡಿರಬೇಕು, ತನ್ನ ಕೈಯನ್ನೇ ಅನುಮಾನಿಸಿರಬೇಕು. ಪೂರ್ತಿ ತಿರುಗಿ, ನನ್ನನ್ನು ನೋಡಿ, “ಮರಿ, ನಾನು ಒತ್ತಿದ್ನಲ್ಲೋ?” ಅಂತ ಕೇಳಿಬಿಡುತ್ತಿದ್ದ. ಅದನ್ನು ಕೇಳಿಸಿಕೊಳ್ಳಲಾರದೆ ನಾನು ಎರಡನೇ ಮಾತ್ರೆ ಬೇಡಿದೆ.

ಒತ್ತಲಿಲ್ಲ ಅಂತ ನೀವು ಅವನಿಗೆ ಮೂವತ್ತನಾಲ್ಕು ವರ್ಷ ಹೇಳಿದ್ದೀರಿ. ಹೇಳಿಸಿದವನು ನಾನು. ನನ್ನನ್ನು ಏನು ಮಾಡಬೇಕು ಅಂತ ನೀವೂ ಪುಟ್ಟಿಯೂ ಕೂತು ತೀರ್ಮಾನ ಮಾಡಿ, ಪೊಲೀಸರಿಗೆ ಹೇಳುವುದಾದರೂ ಸರಿ, ಬರುತ್ತೇನೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿ. ಆದರೆ ಅದಕ್ಕೂ ಮೊದಲು, ಇದನ್ನು ಕೆಳಗಿಟ್ಟ ಕೂಡಲೇ, ಫೋಟೋದ ಮುಂದೆ ನಿಂತು ಅವನಿಗೆ ಹೇಳಿಬಿಡಿ, ನೀವು ಒತ್ತಿದ್ದಿರಿ ಅಂತ.